ಸ್ಕ್ರೈಬಸ್‌ನಲ್ಲಿ ಕನ್ನಡ ಪುಸ್ತಕ: ಫಾಂಟ್ ಹಾಕುವುದರಿಂದ ಪ್ರೆಸ್ಸಿಗೆ ಕೊಡುವ ಪಿಡಿಎಫ್‌ವರೆಗೆ

ಕನ್ನಡ ಪುಟವಿನ್ಯಾಸದಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಫಾಂಟ್. ಎಷ್ಟೋ ಸಲ ಅದರ ತಪ್ಪೇ ಇರುವುದಿಲ್ಲ. ‘ರಾಷ್ಟ್ರ’ ಎಂಬ ಒಂದು ಪದ ಪುಟದ ಮೇಲೆ ನೆಟ್ಟಗೆ ಮೂಡಬೇಕಾದರೆ ಮೂರು ಕಡೆ ಎಲ್ಲ ಸರಿಯಿರಬೇಕು. ಪಠ್ಯ ಯೂನಿಕೋಡ್‌ನಲ್ಲಿರಬೇಕು, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳೂ ಒಪ್ಪಿದ ಸಂಕೇತ ಇರಬೇಕು. ಫಾಂಟ್‌ನೊಳಗೆ ಕನ್ನಡದ ಒತ್ತುಗಳೂ ಅವುಗಳನ್ನು ಜೋಡಿಸುವ ನಿಯಮಗಳೂ ಇರಬೇಕು. ಆ ನಿಯಮಗಳನ್ನು ಓದಿ ಅದರಂತೆ ಅಕ್ಷರ ಕೂರಿಸುವುದು ತಂತ್ರಾಂಶಕ್ಕೆ ಬರಬೇಕು.

ಎಲ್ಲಿ ಕೆಟ್ಟಿದೆ ಎಂಬುದನ್ನು ಪುಟ ನೋಡಿಯೇ ಹೇಳಬಹುದು. ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು ಚುಕ್ಕಿ, ನಡುನಡುವೆ ಪೌಂಡ್ ಚಿಹ್ನೆ ಕಂಡರೆ ಅದು ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪು ಮಾಡಿದ ಪಠ್ಯ. ಬರೀ ಖಾಲಿ ಚೌಕಗಳು ಕಂಡರೆ ಪಠ್ಯ ಸರಿಯಿದೆ, ಆರಿಸಿರುವ ಫಾಂಟ್‌ನಲ್ಲಿ ಕನ್ನಡವಿಲ್ಲ. ‘ರಾಷ್ಟ್ರ’ ಹೋಗಿ ‘ರಾಷ್‌ಟ್‌ರ’ ಎಂದು ಒತ್ತುಗಳೆಲ್ಲ ಬಿಡಿಬಿಡಿಯಾಗಿ ನಿಂತರೆ ತಂತ್ರಾಂಶಕ್ಕೆ ಜೋಡಿಸಲು ಬರುತ್ತಿಲ್ಲ. ಚುಕ್ಕಿಗಳಿಂದಾದ ಸಣ್ಣ ವೃತ್ತವೊಂದು ಗುಣಿತದ ಚಿಹ್ನೆಯ ಜೊತೆ ಕಂಡರೆ ಟೈಪಿಸುವಾಗ ಕೀಲಿಯ ಕ್ರಮ ತಪ್ಪಿದೆ: ಒಂದೇ ಅಕ್ಷರಕ್ಕೆ ಎರಡು ಗುಣಿತ ಬಿದ್ದಿದೆ, ಇಲ್ಲವೇ ವ್ಯಂಜನವಿಲ್ಲದ ಜಾಗದಲ್ಲಿ ಗುಣಿತ ಬಿದ್ದಿದೆ. ಈ ನಾಲ್ಕನ್ನು ಗುರುತು ಹಿಡಿದರೆ ಅರ್ಧ ತೊಂದರೆ ತೀರಿತು.

ಇಲ್ಲಿ ಹೇಳುವುದು ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ, ಉಚಿತವಾಗಿ ಸಿಗುವ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್ ಮತ್ತು ಬರವಣಿಗೆಗೆ ಲಿಬ್ರೆ ಆಫೀಸ್ ಬಳಸಿ ಡೆಮಿ 1/8 ಅಳತೆಯ ಪುಸ್ತಕ ಕಟ್ಟುವ ವಿಧಾನ. ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ ಇರುವವರಿಗೆ ಬೇಕಾದ ಒಂದು ಮಾತು ಕೊನೆಯ ಹತ್ತಿರ ಇದೆ.

ಸ್ಕ್ರೈಬಸ್ ಹಾಕುವುದು

ಸ್ಕ್ರೈಬಸ್‌ನ 1.6 ಸರಣಿಯನ್ನೇ ಹಾಕಿ. 1.4 ಸರಣಿಯ ಹಳೆಯ ಪ್ರತಿಗಳು ಅಲ್ಲಲ್ಲಿ ಇನ್ನೂ ಸಿಗುತ್ತವೆ, ಅವುಗಳಿಗೆ ಭಾರತೀಯ ಲಿಪಿಗಳ ಒತ್ತು ಜೋಡಿಸಲು ಬರುವುದಿಲ್ಲ. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಯಂತ್ರ ಸೇರಿದ್ದು 1.5ರ ಪ್ರಾಯೋಗಿಕ ಸರಣಿಯಲ್ಲಿ. ಅದು ಸ್ಥಿರ ಆವೃತ್ತಿಯಾಗಿ ಬಂದದ್ದು 2024ರ ಆರಂಭದಲ್ಲಿ, 1.6.0 ಆಗಿ. ‘ಸ್ಕ್ರೈಬಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎಂಬ ಮಾತು ಹುಟ್ಟಿದ್ದು ಅದಕ್ಕೂ ಹಿಂದಿನ ಕಾಲದಲ್ಲಿ. 1.6ರಲ್ಲಿ ಉಳಿಸಿದ ಕಡತ 1.4ರಲ್ಲಿ ತೆರೆಯುವುದಿಲ್ಲ, ಆದ್ದರಿಂದ ಜೊತೆಗೆ ಕೆಲಸ ಮಾಡುವವರೆಲ್ಲ ಒಂದೇ ಸರಣಿ ಹಾಕಿಕೊಂಡಿರಬೇಕು.

ಸ್ಕ್ರೈಬಸ್‌ಗಿಂತ ಮೊದಲು ಘೋಸ್ಟ್‌ಸ್ಕ್ರಿಪ್ಟ್‌ನ 64 ಬಿಟ್ ಆವೃತ್ತಿ ಹಾಕಿ; ಇಪಿಎಸ್‌ನಂಥ ಪೋಸ್ಟ್‌ಸ್ಕ್ರಿಪ್ಟ್ ಕಡತಗಳನ್ನು ಓದುವ ಉಚಿತ ತಂತ್ರಾಂಶ ಅದು. ಅದಿಲ್ಲದೆಯೂ ಸ್ಕ್ರೈಬಸ್ ತೆರೆಯುತ್ತದೆ, ಆದರೆ ಇಪಿಎಸ್ ಚಿತ್ರಗಳು ಒಳಗೆ ಬರುವುದಿಲ್ಲ, ಪ್ರಿಂಟ್ ಪ್ರಿವ್ಯೂ ಕೆಲಸ ಮಾಡುವುದಿಲ್ಲ. ಹಾಕಿದ ಮೇಲೂ ಸಿಗಲಿಲ್ಲವೆಂದು ದೂರು ಬಂದರೆ ಪ್ರಿಫರೆನ್ಸಸ್‌ನ ‘ಎಕ್ಸ್‌ಟರ್ನಲ್ ಟೂಲ್ಸ್’ ಪುಟದಲ್ಲಿ ಅದು ಕೂತಿರುವ ಜಾಗವನ್ನು ಕೈಯಾರೆ ತೋರಿಸಿ.

ಫಾಂಟ್: ಯಾವುದು, ಹೇಗೆ

ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಪರದೆಯ ಮೇಲೆ ಓದಲು ಮಾಡಿದ್ದು. ಪುಸ್ತಕದ ಒಳಪುಟಕ್ಕೆ ಅದು ಹೊಂದುವುದಿಲ್ಲ. ತುಂಗಾ ಫಾಂಟ್ ವಿಂಡೋಸ್ 10ರಿಂದ ಐಚ್ಛಿಕ ಭಾಗವಾಗಿದೆ: ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿದರೆ ಬರುತ್ತದೆ. ಹಳೆಯ ವರ್ಡ್ ಕಡತಗಳನ್ನು ತೆರೆಯುವವರಿಗೆ ಇದು ಬೇಕಾಗುತ್ತದೆ.

ಒಳಪುಟಕ್ಕೆ ನಮ್ಮ ಆಯ್ಕೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ. ನೋಟೋ ಸೆರಿಫ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ 9 ತೂಕಗಳಿವೆ, ಹಾಗಾಗಿ ಶೀರ್ಷಿಕೆ ಉಪಶೀರ್ಷಿಕೆಗಳಿಗೆ ಬೇರೆ ಫಾಂಟ್ ಹುಡುಕಬೇಕಿಲ್ಲ. ಮುಖಪುಟಕ್ಕೆ, ದೊಡ್ಡ ತಲೆಬರಹಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ, ಬೆಣ್ಣೆ ಇವೆ. ಇವೆಲ್ಲ ಮುಕ್ತ ಪರವಾನಗಿಯವು. ಪುಸ್ತಕದಲ್ಲಿ, ಮಾರಾಟದ ಪ್ರತಿಯಲ್ಲಿ ಬಳಸಲು ಯಾರಿಗೂ ಹಣ ಕೊಡಬೇಕಿಲ್ಲ.

ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್ ಬಿಚ್ಚಿದಾಗ ಒಂದು ಎಚ್ಚರ. ನೋಟೋ ಸೆರಿಫ್‌ನಂಥವುಗಳಲ್ಲಿ ಹೊರಗೆ ಕಾಣುವುದು ವೇರಿಯಬಲ್ ಫಾಂಟ್: ಒಂದೇ ಕಡತದೊಳಗೆ ಎಲ್ಲ ತೂಕಗಳು. ಸ್ಕ್ರೈಬಸ್‌ಗೆ ಇದನ್ನು ಸರಿಯಾಗಿ ನಿಭಾಯಿಸಲು ಬರುವುದಿಲ್ಲ, ದಪ್ಪಕ್ಷರ ಆರಿಸಲಾಗದೆ ಒದ್ದಾಡುತ್ತೀರಿ. ಪಕ್ಕದಲ್ಲೇ ‘ಸ್ಟ್ಯಾಟಿಕ್’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಬಿಡಿ ಟಿಟಿಎಫ್ ಕಡತಗಳನ್ನು ಮಾತ್ರ ಹಾಕಿ. ಎರಡನ್ನೂ ಹಾಕಿದರೆ ಒಂದೇ ಹೆಸರಿನ ಎರಡು ಫಾಂಟ್‌ಗಳು ಪರಸ್ಪರ ಗೊಂದಲ ಎಬ್ಬಿಸುತ್ತವೆ.

ಹಾಕುವಾಗ ಕಡತಗಳನ್ನು ಆರಿಸಿ, ಬಲ ಗುಂಡಿ ಒತ್ತಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ. ವಿಂಡೋಸ್ 11ರಲ್ಲಿ ಇದು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒಳಗೆ ನೋಡಿ. ಬರೀ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟ್ ಹೋಗಿ ಕೂರುವುದು ವಿಂಡೋಸ್‌ನ ಸಾಮಾನ್ಯ ಫಾಂಟ್ ಫೋಲ್ಡರಿನಲ್ಲಲ್ಲ, ನಿಮ್ಮೊಬ್ಬರ ಖಾತೆಯ ಒಳಗಡೆ. ಕೆಲವು ತಂತ್ರಾಂಶಗಳು ಅಲ್ಲಿ ಹುಡುಕುವುದೇ ಇಲ್ಲ. ‘ವರ್ಡ್‌ನಲ್ಲಿ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ’ ಎಂಬ ದೂರಿನ ಮೂಲ ಬಹುತೇಕ ಇದೇ.

ಫಾಂಟ್ ಹಾಕುವಾಗ ಸ್ಕ್ರೈಬಸ್ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ, ಪಟ್ಟಿ ಹೊಸದಾಗುವುದು ಆಗಲೇ. ಕಚೇರಿಯ ಕಂಪ್ಯೂಟರಿನಲ್ಲಿ ಫಾಂಟ್ ಹಾಕಲು ಅನುಮತಿ ಇಲ್ಲದಿದ್ದರೆ ಇನ್ನೊಂದು ದಾರಿ: ಫಾಂಟ್‌ಗಳನ್ನು ಒಂದು ಫೋಲ್ಡರಿನಲ್ಲಿಟ್ಟು, ಪ್ರಿಫರೆನ್ಸಸ್‌ನ ‘ಫಾಂಟ್ಸ್’ ಪುಟದ ‘ಅಡಿಷನಲ್ ಪಾತ್ಸ್’ನಲ್ಲಿ ಅದನ್ನು ತೋರಿಸಿ. ಯಾವುದಾದರೂ ಕಡತ ತೆರೆದಿರುವಾಗ ಈ ಜಾಗ ಬದಲಿಸಲು ಬಿಡುವುದಿಲ್ಲ, ಎಲ್ಲ ಮುಚ್ಚಿ ಪ್ರಯತ್ನಿಸಿ.

ಹೊಸ ಫಾಂಟ್ ನಂಬುವ ಮೊದಲು ಈ ಒಂದು ಸಾಲು ಟೈಪಿಸಿ ದೊಡ್ಡದಾಗಿ ನೋಡಿ: ರಾಷ್ಟ್ರ, ಸ್ವಾತಂತ್ರ್ಯ, ಲಕ್ಷ್ಮಿ, ವೈಶಿಷ್ಟ್ಯ, ಜ್ಞಾನ, ಕೃಷ್ಣ, ಅರ್ಕ, ಕಾರ್ಯ, ರ‍್ಯಾಂಕ್, ಸ್ತ್ರೀ. ಎರಡು ಒತ್ತು ಒಂದರ ಮೇಲೊಂದು ಬಿದ್ದಿವೆಯೇ, ಅರ್ಕಾವೊತ್ತು ಅಕ್ಷರದ ನಂತರ ಬಂದಿದೆಯೇ, ‘ಸ್ತ್ರೀ’ಯ ದೀರ್ಘ ಒತ್ತಿಗೆ ತಾಗುತ್ತದೆಯೇ ನೋಡಿ. ಆಮೇಲೆ ಅದೇ ಫಾಂಟ್‌ನಲ್ಲಿ ಅಲ್ಪವಿರಾಮ, ಉದ್ಧರಣ ಚಿಹ್ನೆ, ಆವರಣ, ಅಂಕಿಗಳನ್ನೂ ಟೈಪಿಸಿ. ಹಳೆಯ ಕೆಲವು ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಭಾಗ ಅರೆಬರೆ. ವರ್ಡ್‌ನಂತೆ ಸ್ಕ್ರೈಬಸ್ ತಾನೇ ಬೇರೆ ಫಾಂಟ್‌ನಿಂದ ಅಕ್ಷರ ತಂದು ತುಂಬುವುದಿಲ್ಲ, ಇಲ್ಲದ ಅಕ್ಷರದ ಜಾಗ ಖಾಲಿ ಚೌಕವಾಗಿಯೇ ಉಳಿಯುತ್ತದೆ.

ಕೀಲಿಮಣೆ

ವಿಂಡೋಸ್‌ನ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಸಿಗುತ್ತದೆ. 2019ರ ನಂತರದ ವಿಂಡೋಸ್ 10ರಲ್ಲಿ ಫೊನೆಟಿಕ್ ಕೂಡ ಇದೆ. ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್. ಕೆ.ಪಿ. ರಾವ್ ವಿನ್ಯಾಸದ ನುಡಿ ಕೀಲಿಮಣೆಗೆ ಕೈ ಒಗ್ಗಿದವರು ನುಡಿಯನ್ನು ಯೂನಿಕೋಡ್ ಸ್ಥಿತಿಯಲ್ಲಿಟ್ಟು ಬಳಸಿ. ಲಿನಕ್ಸ್‌ನಲ್ಲಾದರೆ ‘ಕಗಪ’ ಹೆಸರಿನಲ್ಲಿ ಅದು ಮೊದಲೇ ಇರುತ್ತದೆ. ಎರಡು ಕೀಲಿಮಣೆ ತಂತ್ರಾಂಶಗಳನ್ನು ಒಟ್ಟಿಗೆ ಚಾಲೂ ಇಡಬೇಡಿ.

ಪಠ್ಯವನ್ನು ಮೊದಲು ತೊಳೆಯಬೇಕು

ಪುಟ ಕಟ್ಟಿದ ಮೇಲೆ ಪಠ್ಯ ತಿದ್ದುವುದು ಎರಡು ಪಟ್ಟು ಕೆಲಸ. ಲಿಬ್ರೆ ಆಫೀಸ್ ರೈಟರ್‌ನಲ್ಲೇ ಎಲ್ಲ ಮುಗಿಸಿಕೊಳ್ಳಿ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಗುರುತು ಹಾಕಿ, ಅದರ ಭಾಷೆ ಕನ್ನಡ ಮಾಡಿ. ರೈಟರ್ ಇಂಗ್ಲಿಷಿಗೂ ಕನ್ನಡಕ್ಕೂ ಬೇರೆ ಬೇರೆ ಫಾಂಟ್ ಮತ್ತು ಅಳತೆ ಇಟ್ಟುಕೊಳ್ಳುತ್ತದೆ. ಸ್ಟೈಲ್‌ನಲ್ಲಿ ‘ವೆಸ್ಟರ್ನ್’ ಭಾಗದ ಅಳತೆ ಬದಲಿಸಿ ಕನ್ನಡ ಯಾಕೆ ದೊಡ್ಡದಾಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇಲ್ಲಿದೆ.

ನುಡಿ, ಬರಹ, ಶ್ರೀಲಿಪಿಯ ಆಸ್ಕಿ ಫಾಂಟ್‌ಗಳಲ್ಲಿರುವ ಹಳೆಯ ಹಸ್ತಪ್ರತಿ ಬಂದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಯಾವ ಫಾಂಟ್‌ನಲ್ಲಿದೆ ಎಂದು ತಿಳಿದುಕೊಂಡು ಅದಕ್ಕೆ ತಕ್ಕ ಪರಿವರ್ತಕವನ್ನೇ ಬಳಸಿ, ಯಾಕೆಂದರೆ ಒಂದರ ಸಂಕೇತ ಇನ್ನೊಂದಕ್ಕೆ ಹೊಂದುವುದಿಲ್ಲ. ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡವು. ಅದರಿಂದ ಹಸ್ತಪ್ರತಿಯ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳೂ ಪರಿವರ್ತನೆಯಲ್ಲಿ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ಕಡೆ ತೆಗೆದಿಟ್ಟು ನಂತರ ಸೇರಿಸಿ. ಪರಿವರ್ತನೆ ಮುಗಿದ ಮೇಲೆ ಅರ್ಕಾವೊತ್ತಿರುವ ಪದಗಳನ್ನೂ ಎರಡು ಒತ್ತಿರುವ ಪದಗಳನ್ನೂ ಒಂದೊಂದಾಗಿ ಓದಿ. ಕೆಟ್ಟರೆ ಮೊದಲು ಕೆಡುವುದು ಅವೇ.

ಇನ್ನೊಂದು ಕಣ್ಣಿಗೆ ಕಾಣದ ಪೀಡೆ ಸೊನ್ನೆ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಂ ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ. ‘ಬೆಂಗಳೂರು’ ಎಂಬುದನ್ನು ಅಂಕಿಯಿಂದ ಟೈಪಿಸಿದ್ದರೆ ಹುಡುಕಿದಾಗ ಸಿಗುವುದಿಲ್ಲ, ಸಾಲಿನ ಕೊನೆಯಲ್ಲಿ ಪದ ತುಂಡಾಗುವುದೂ ಉಂಟು. ರೈಟರ್‌ನ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ೦ ಹುಡುಕಿ, ಅದು ನಿಜವಾಗಿ ಅಂಕಿಯೇ ಎಂದು ನೋಡುತ್ತ ಒಂದೊಂದಾಗಿ ಬದಲಿಸಿ. ಕನ್ನಡ ಅಂಕಿಗಳನ್ನೇ ಬಳಸದ ಪುಸ್ತಕವಾದರೆ ‘ರಿಪ್ಲೇಸ್ ಆಲ್’ ಸಾಕು.

ಕಾಣದ ಎರಡು ಅಕ್ಷರಗಳ ಪರಿಚಯ ಬೇಕೇಬೇಕು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಬೇಕಾದಲ್ಲಿ ‘ರಾಜ್ಕುಮಾರ್’ ಎಂದು ಒತ್ತಾಗದಂತೆ ತಡೆಯುವುದು ಜೋಡಣೆ ತಡೆಯುವ ಶೂನ್ಯ ಅಗಲದ ಅಕ್ಷರ, ಸಂಕೇತ 200ಸಿ. ‘ರ‍್ಯಾಂಕ್’ನಲ್ಲಿ ಅರ್ಕಾವೊತ್ತು ಬಾರದೆ ಪೂರ್ಣ ರ ಮತ್ತು ಯ ಒತ್ತು ಬರುವಂತೆ ಮಾಡುವುದು ಜೋಡಿಸುವ ಶೂನ್ಯ ಅಗಲದ ಅಕ್ಷರ, ಸಂಕೇತ 200ಡಿ. ನಿಮ್ಮ ಕೀಲಿಮಣೆಯಲ್ಲಿ ಇವುಗಳಿಗೆ ಕೀಲಿ ಸಿಗದಿದ್ದರೆ ರೈಟರ್‌ನಲ್ಲಿ ಇಂಗ್ಲಿಷಿಗೆ ಬಂದು ಸಂಕೇತ ಟೈಪಿಸಿ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಸಂಕೇತ ಹೋಗಿ ಕಾಣದ ಅಕ್ಷರ ಕೂರುತ್ತದೆ. ಕ್ರಮ ಮುಖ್ಯ: ‘ರಾಜ್‌ಕುಮಾರ್’ನಲ್ಲಿ ಅದು ಬರುವುದು ಅರೆ ಜ ಆದ ಮೇಲೆ, ‘ರ‍್ಯಾಂಕ್’ನಲ್ಲಿ ರ ಆದ ಕೂಡಲೇ, ಅರೆ ಅಕ್ಷರ ಮಾಡುವ ಚಿಹ್ನೆ ್‌ಗಿಂತ ಮೊದಲು. ಒಮ್ಮೆ ಸರಿಯಾಗಿ ಮಾಡಿದ ಪದವನ್ನು ನಕಲಿಸಿ ಉಳಿದೆಡೆ ಬದಲಿಸಿ. ‘ರ್ಯ’ವನ್ನೆಲ್ಲ ಒಂದೇ ಏಟಿಗೆ ಬದಲಿಸಬೇಡಿ: ‘ಕಾರ್ಯ’, ‘ಸೂರ್ಯ’, ‘ಆಚಾರ್ಯ’ಗಳಿಗೆ ಅರ್ಕಾವೊತ್ತೇ ಬೇಕು.

ತೊಳೆದ ಪಠ್ಯವನ್ನು ‘ಟೆಕ್ಸ್ಟ್ – ಚೂಸ್ ಎನ್‌ಕೋಡಿಂಗ್’ ಬಗೆಯಲ್ಲಿ, ಯುಟಿಎಫ್-8 ಆರಿಸಿ, ಅಧ್ಯಾಯಕ್ಕೊಂದು ಕಡತವಾಗಿ ಉಳಿಸಿ. ರೈಟರ್‌ನ ಸ್ವಂತ ಬಗೆಯಾದ ಒಡಿಟಿಯಾಗಿಯೇ ಒಯ್ಯಬಹುದು, ಆದರೆ ವರ್ಡ್‌ನಿಂದ ಬಂದ ಹತ್ತಾರು ಸ್ಟೈಲ್‌ಗಳೂ ಕನ್ನಡವಿಲ್ಲದ ಫಾಂಟ್ ಹೆಸರುಗಳೂ ಹಿಂದೆಯೇ ಬರುತ್ತವೆ. ಕಥೆ ಕಾದಂಬರಿಗೆ ಸಾದಾ ಪಠ್ಯವೇ ಲೇಸು. ದಪ್ಪಕ್ಷರ ಬಹಳ ಇರುವ ಪಠ್ಯವಾದರೆ ಮಾತ್ರ ಒಡಿಟಿ.

ಪುಟ ಕಟ್ಟುವುದು

ಡೆಮಿ ಹಾಳೆ 17.5 × 22.5 ಇಂಚು. ಅದರಲ್ಲಿ ಎಂಟು ಎಲೆ, ಅಂದರೆ 16 ಪುಟ: ಒಂದು ಫಾರಂ. ಮಡಚಿ ಅಂಚು ಕತ್ತರಿಸಿದ ಮೇಲೆ ಉಳಿಯುವುದು 5.5 × 8.5 ಇಂಚು, ಮಿಲಿಮೀಟರಿನಲ್ಲಿ 139.7 × 215.9. ಹೊಸ ಕಡತ ತೆರೆಯುವಾಗ ಈ ಅಳತೆ ಕೊಡಿ. ‘ಡಬಲ್ ಸೈಡೆಡ್’ ಆರಿಸಿ, ಮೊದಲ ಪುಟ ಬಲಗಡೆ. ಅಂಚುಗಳು: ಒಳಗೆ 20, ಹೊರಗೆ 15, ಮೇಲೆ 18, ಕೆಳಗೆ 22 ಮಿ.ಮೀ. ಅಂಟು ಬೈಂಡಿಂಗ್‌ನ ದಪ್ಪ ಪುಸ್ತಕವಾದರೆ ಒಳ ಅಂಚನ್ನು 22 ಮಾಡಿ, ಇಲ್ಲದಿದ್ದರೆ ಸಾಲಿನ ಕೊನೆ ಓದಲು ಪುಸ್ತಕವನ್ನು ಬಗ್ಗಿಸಬೇಕಾಗುತ್ತದೆ. ‘ಆಟೊಮ್ಯಾಟಿಕ್ ಟೆಕ್ಸ್ಟ್ ಫ್ರೇಮ್ಸ್’ಗೆ ಗುರುತು ಹಾಕಿದರೆ ಪುಟದಿಂದ ಪುಟಕ್ಕೆ ಪಠ್ಯ ತಾನೇ ಹರಿಯುತ್ತದೆ.

ಈಗ ಕನ್ನಡಕ್ಕೆ ಬಹಳ ಮುಖ್ಯವಾದದ್ದು: ಸಾಲಿನ ಅಂತರ. ಇಂಗ್ಲಿಷಿನಲ್ಲಿ 11 ಪಾಯಿಂಟ್ ಅಕ್ಷರಕ್ಕೆ 13 ಪಾಯಿಂಟ್ ಅಂತರ ಸಾಕಾಗಬಹುದು. ಕನ್ನಡದಲ್ಲಿ ಮೇಲಿನ ಸಾಲಿನ ‘ಷ್ಟ್ರ’ ಕೆಳಗಿಳಿದರೆ ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. 11ಕ್ಕೆ 16, 12ಕ್ಕೆ 17 ಅಥವಾ 18 ಇಡಿ. ‘ಆಟೊಮ್ಯಾಟಿಕ್ ಲೈನ್ ಸ್ಪೇಸಿಂಗ್’ ಬೇಡ. ಅದು ಫಾಂಟ್ ಹೇಳುವ ಎತ್ತರ ಹಿಡಿದು ನಡೆಯುತ್ತದೆ, ಒಂದು ಸಾಲಿನಲ್ಲಿ ಇಂಗ್ಲಿಷ್ ಫಾಂಟ್ ಬಂದರೆ ಅಂತರವೇ ಬದಲಾಗುತ್ತದೆ. ‘ಫಿಕ್ಸೆಡ್’ ಇಡಿ, ಇಲ್ಲವೇ ಡಾಕ್ಯುಮೆಂಟ್ ಸೆಟಪ್‌ನಲ್ಲಿ ಬೇಸ್‌ಲೈನ್ ಗ್ರಿಡ್ (ಸಾಲುಗಳು ಕೂರುವ ಸಮಾನ ಅಂತರದ ಗೆರೆಗಳು) 16 ಪಾಯಿಂಟ್ ಮಾಡಿ ‘ಅಲೈನ್ ಟು ಬೇಸ್‌ಲೈನ್ ಗ್ರಿಡ್’ ಆರಿಸಿ. ಗ್ರಿಡ್ ಹಿಡಿದರೆ ಹಾಳೆಯ ಎರಡೂ ಬದಿಯ ಸಾಲುಗಳು ಒಂದರ ಬೆನ್ನಿಗೆ ಒಂದು ಬೀಳುತ್ತವೆ, ತೆಳು ಕಾಗದದಲ್ಲಿ ಹಿಂದಿನ ಪುಟದ ಮಸಿ ಸಾಲುಗಳ ನಡುವೆ ಇಣುಕುವುದಿಲ್ಲ. ಮೇಲಿನ ಅಂಚುಗಳ ಲೆಕ್ಕದಲ್ಲಿ ಪುಟಕ್ಕೆ 31 ಸಾಲು ಬರುತ್ತದೆ.

ಸ್ಟೈಲ್ಸ್ ಕಿಟಕಿಯಲ್ಲಿ ಕನಿಷ್ಠ ನಾಲ್ಕು ಪ್ಯಾರಾ ಸ್ಟೈಲ್ ಮಾಡಿ: ಮುಖ್ಯ ಪಠ್ಯ, ಅಧ್ಯಾಯದ ಮೊದಲ ಪ್ಯಾರಾ, ಅಧ್ಯಾಯದ ಶೀರ್ಷಿಕೆ, ಉದ್ಧರಣೆ. ಕನ್ನಡ ಫಾಂಟ್‌ನ ಇಂಗ್ಲಿಷ್ ಭಾಗ ಚೆನ್ನಾಗಿಲ್ಲದಿದ್ದರೆ ಇಂಗ್ಲಿಷ್ ಪದಗಳಿಗೆಂದೇ ಒಂದು ಕ್ಯಾರೆಕ್ಟರ್ ಸ್ಟೈಲ್, ಒಂದೆರಡು ಪಾಯಿಂಟ್ ಚಿಕ್ಕದಾಗಿ. ಫಾಂಟ್‌ನಲ್ಲಿಲ್ಲದ ದಪ್ಪ ಅಥವಾ ಓರೆ ರೂಪವನ್ನು ಸ್ಕ್ರೈಬಸ್ ಸೃಷ್ಟಿಸುವುದಿಲ್ಲ; ಬೋಲ್ಡ್ ಬೇಕಾದರೆ ಬೋಲ್ಡ್ ಕಡತ ಹಾಕಿರಬೇಕು. ಇದು ಒಳ್ಳೆಯದೇ. ಕನ್ನಡಕ್ಕೆ ಓರೆಯಕ್ಷರದ ಪರಂಪರೆ ಇಲ್ಲ, ಬಲವಂತವಾಗಿ ವಾಲಿಸಿದ ದುಂಡು ಅಕ್ಷರ ಬಿದ್ದುಹೋಗುವಂತೆ ಕಾಣುತ್ತದೆ. ಒತ್ತು ಕೊಡಲು ಉದ್ಧರಣ ಚಿಹ್ನೆಯೋ ದಪ್ಪಕ್ಷರವೋ ಸಾಕು.

ಟ್ರ್ಯಾಕಿಂಗ್ ಅಂದರೆ ಅಕ್ಷರಗಳ ನಡುವಿನ ಅಂತರ ಯಾವಾಗಲೂ 0. ಶೀರ್ಷಿಕೆಯನ್ನು ಅಗಲಿಸಲು ಅದನ್ನು ಹಿಗ್ಗಿಸಿದರೆ ಒತ್ತು, ಗುಣಿತ, ಅರ್ಕಾವೊತ್ತು ತಮ್ಮ ಅಕ್ಷರ ಬಿಟ್ಟು ದೂರ ಸರಿಯುತ್ತವೆ.

ಎರಡೂ ಕಡೆ ಸಮ ಮಾಡಿದ ಪಠ್ಯದಲ್ಲಿ ಕನ್ನಡದ ಉದ್ದ ಪದಗಳು ಸಾಲಿನಲ್ಲಿ ದೊಡ್ಡ ಬಿರುಕು ಬಿಡುತ್ತವೆ. ‘ಮಾಡಿಕೊಳ್ಳಬೇಕಾಗಿದ್ದರಿಂದ’ ಎಂಬಂಥ ಪದ ಹಿಡಿಸದೆ ಕೆಳಗಿಳಿದರೆ ಮೇಲಿನ ಸಾಲಿನಲ್ಲಿ ಉಳಿದ ನಾಲ್ಕು ಪದ ಚೆಲ್ಲಾಪಿಲ್ಲಿ. ಪ್ಯಾರಾದ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪದಗಳ ನಡುವಿನ ಕನಿಷ್ಠ ಅಂತರವನ್ನು ಶೇ. 80ಕ್ಕೆ ಇಳಿಸಿ, ಗ್ಲಿಫ್ ಅಂದರೆ ಅಕ್ಷರದ ಆಕೃತಿಯ ಹಿಗ್ಗುವಿಕೆಯನ್ನು 98ರಿಂದ 102ರೊಳಗೆ ಇಡಿ. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ, ಬಿರುಕು ಮಾತ್ರ ಕಡಿಮೆಯಾಗುತ್ತದೆ. ಆಮೇಲೂ ಉಳಿದ ಕೆಟ್ಟ ಸಾಲುಗಳಲ್ಲಿ ಇನ್ಸರ್ಟ್ ಮೆನುವಿನ ‘ಸಾಫ್ಟ್ ಹೈಫನ್’ ಕೈಯಾರೆ ಹಾಕಿ. ಪದ ಮುರಿಯುವುದು ಪೂರ್ಣ ಅಕ್ಷರದ ನಂತರ ಮಾತ್ರ: ‘ಮಾಡಿಕೊಳ್ಳ-ಬೇಕಾಗಿದ್ದರಿಂದ’ ಸರಿ. ಅಕ್ಷರ ಮತ್ತು ಅದರ ಒತ್ತಿನ ನಡುವೆ ಎಂದಿಗೂ ಮುರಿಯಬಾರದು. ಸಂಧಿ ಅಥವಾ ಸಮಾಸದ ಗಡಿಯಲ್ಲಿ ಮುರಿದರೆ ಓದುವವರ ನಾಲಗೆ ತಡವರಿಸುವುದಿಲ್ಲ. ತೀರಾ ಕಿರಿದಾದ ಕಾಲಂನಲ್ಲಿ ಇಷ್ಟೆಲ್ಲ ಒದ್ದಾಡುವ ಬದಲು ಎಡಕ್ಕೆ ಮಾತ್ರ ಸಮ ಮಾಡುವುದೇ ಚೆಂದ.

ಪಠ್ಯ ತರಲು ಫ್ರೇಮ್ ಆರಿಸಿ ‘ಗೆಟ್ ಟೆಕ್ಸ್ಟ್’ ತೆರೆದು, ಎನ್‌ಕೋಡಿಂಗ್ ಯುಟಿಎಫ್-8 ಇದೆಯೇ ನೋಡಿ. ಪಠ್ಯ ಉಳಿದರೆ ಫ್ರೇಮಿನ ಕೆಳ ಬಲ ಮೂಲೆಯಲ್ಲಿ ಅಡ್ಡಗೀಟಿನ ಸಣ್ಣ ಚೌಕ ಕಾಣುತ್ತದೆ, ಸ್ಕ್ರೈಬಸ್ ತಾನಾಗಿ ಪುಟ ಸೇರಿಸುವುದಿಲ್ಲ, ನೀವೇ ಸೇರಿಸಬೇಕು. ಇನ್ನೂರು ಪುಟವನ್ನು ಒಂದೇ ಸರಪಳಿಯಲ್ಲಿ ಹರಿಸಿದರೆ ಪ್ರತಿ ತಿದ್ದುಪಡಿಗೂ ಸ್ಕ್ರೈಬಸ್ ಕೊನೆಯ ಪುಟದವರೆಗೆ ಲೆಕ್ಕ ಹಾಕುತ್ತ ನಿಧಾನವಾಗುತ್ತದೆ. ಅಧ್ಯಾಯಕ್ಕೊಂದು ಸರಪಳಿ ಇರಲಿ. ಪುಟಸಂಖ್ಯೆಯನ್ನು ಎಲ್ಲ ಪುಟಗಳಿಗೂ ಅಚ್ಚಿನಂತಿರುವ ಮಾಸ್ಟರ್ ಪುಟದಲ್ಲಿ ಹಾಕಿ. ಒಟ್ಟು ಪುಟ 16ರ ಗುಣಕಕ್ಕೆ ಬರುವಂತೆ, ಆಗದಿದ್ದರೆ 8ರ ಗುಣಕಕ್ಕಾದರೂ ಬರುವಂತೆ ಹೊಂದಿಸಿ, ಪ್ರೆಸ್ಸಿನವರು ಫಾರಂ ಲೆಕ್ಕದಲ್ಲೇ ದರ ಹೇಳುತ್ತಾರೆ.

ಇನ್‌ಡಿಸೈನ್ ಬಳಸುವವರಿಗೆ: ಫಾಂಟ್, ಅಂತರ, ಪಠ್ಯ ತೊಳೆಯುವ ಮಾತೆಲ್ಲ ಅಲ್ಲಿಗೂ ಅನ್ವಯ. ಒತ್ತು ಒಡೆದು ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ, ಅದನ್ನೇ ಪ್ಯಾರಾ ಸ್ಟೈಲ್‌ನ ಜಸ್ಟಿಫಿಕೇಶನ್ ಭಾಗದಲ್ಲೂ ಉಳಿಸಿ. ಈ ಸೌಲಭ್ಯ ಸಿಎಸ್6ರಿಂದ ಇದೆ.

ಪಿಡಿಎಫ್

ಎಕ್ಸ್‌ಪೋರ್ಟ್ ಒತ್ತಿದ ಕೂಡಲೇ ತಪ್ಪುಗಳಿದ್ದರೆ ಪ್ರಿಫ್ಲೈಟ್ ವೆರಿಫೈಯರ್ ತೆರೆದುಕೊಳ್ಳುತ್ತದೆ. ಫಾಂಟ್‌ನಲ್ಲಿಲ್ಲದ ಅಕ್ಷರ, ಫ್ರೇಮ್ ಮೀರಿದ ಪಠ್ಯ, ಕಡಿಮೆ ಸಾಂದ್ರತೆಯ ಚಿತ್ರ ಎಲ್ಲವನ್ನೂ ಅದು ಪುಟಸಂಖ್ಯೆ ಸಮೇತ ಹೇಳುತ್ತದೆ. ‘ಇಗ್ನೋರ್’ ಒತ್ತಿ ಮುಂದೆ ಹೋಗಬೇಡಿ.

ಪಠ್ಯದ ಬಣ್ಣ ಸ್ಕ್ರೈಬಸ್‌ನ ‘ಬ್ಲ್ಯಾಕ್’ ಆಗಿರಲಿ, ಅದು ಕಪ್ಪು ಮಸಿ ಒಂದೇ ಶೇ. 100. ಬೇರೆ ಕಡೆಯಿಂದ ಬಂದ, ಪರದೆಗೆಂದು ಮಾಡಿದ ಆರ್‌ಜಿಬಿ ಕಪ್ಪು ನಾಲ್ಕು ಬಣ್ಣವಾಗಿ ಒಡೆದರೆ, ಪ್ಲೇಟುಗಳು ಕೂದಲೆಳೆ ಸರಿದರೂ ಸಣ್ಣ ಒತ್ತುಗಳ ಸುತ್ತ ಬಣ್ಣದ ನೆರಳು ಬೀಳುತ್ತದೆ. ಫಾಂಟ್ಸ್ ಟ್ಯಾಬ್‌ನಲ್ಲಿ ಎಲ್ಲ ಫಾಂಟ್‌ಗಳೂ ಎಂಬೆಡ್ ಆಗುವಂತೆ, ಅಂದರೆ ಪಿಡಿಎಫ್‌ನೊಳಗೇ ಸೇರುವಂತೆ ಇಡಿ. ಮುಖಪುಟಕ್ಕೆ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಚಿತ್ರಭಾಗ) ಕೊಟ್ಟು, ಪ್ರಿ-ಪ್ರೆಸ್ ಟ್ಯಾಬ್‌ನಲ್ಲಿ ‘ಯೂಸ್ ಡಾಕ್ಯುಮೆಂಟ್ ಬ್ಲೀಡ್ಸ್’ ಗುರುತಿಸಿ. ಪ್ರೆಸ್ಸಿನವರು ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್ ಬಗೆ ಕೇಳಿದರೆ ಮೊದಲು ಕಲರ್ ಮ್ಯಾನೇಜ್‌ಮೆಂಟ್ ಚಾಲೂ ಮಾಡಬೇಕು, ಇಲ್ಲದಿದ್ದರೆ ಆ ಆಯ್ಕೆಯೇ ಕಾಣುವುದಿಲ್ಲ. ಕಂಡ ಮೇಲೂ ‘ಸೇವ್’ ಗುಂಡಿ ಮಸುಕಾಗಿಯೇ ಉಳಿದರೆ ‘ಇನ್ಫೋ ಸ್ಟ್ರಿಂಗ್’ ಜಾಗ ಖಾಲಿಯಿದೆ. ಪುಸ್ತಕದ ಹೆಸರು ಬರೆಯಿರಿ, ಗುಂಡಿ ತೆರೆದುಕೊಳ್ಳುತ್ತದೆ.

ಬಂದ ಪಿಡಿಎಫ್ ಅನ್ನು ಅಡೋಬಿ ರೀಡರ್‌ನಲ್ಲಿ ತೆರೆದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಇರಬೇಕು. ಪಿಡಿಎಫ್‌ನಿಂದ ನಕಲಿಸಿದ ಕನ್ನಡ ಬೇರೆ ಕಡೆ ಅಂಟಿಸಿದಾಗ ಕೆಟ್ಟು ಕಂಡರೆ ಗಾಬರಿ ಬೇಡ, ಮುದ್ರಣಕ್ಕೆ ಅದರಿಂದ ಏನೂ ಆಗುವುದಿಲ್ಲ. ಪ್ರೆಸ್ಸಿನ ಹಳೆಯ ಯಂತ್ರದಲ್ಲಿ ಒತ್ತುಗಳು ಸರಿದು ಬಂದರೆ ಫಾಂಟ್‌ಗಳನ್ನು ಔಟ್‌ಲೈನ್ ಆಗಿಸಿ ಇನ್ನೊಂದು ಪ್ರತಿ ತೆಗೆದುಕೊಡಿ. ಕಡತ ದೊಡ್ಡದಾಗುತ್ತದೆ, ಹುಡುಕಲು ಬರುವುದಿಲ್ಲ, ಆದರೆ ಅಕ್ಷರ ಚಿತ್ರದಂತೆ ಗಟ್ಟಿಯಾಗಿ ಕೂತಿರುತ್ತದೆ. ಇಡೀ ಪುಸ್ತಕ ಪ್ಲೇಟಿಗೆ ಹೋಗುವ ಮೊದಲು ಒತ್ತಕ್ಷರ ಹೆಚ್ಚಿರುವ ಎರಡು ಪುಟಗಳನ್ನು ನೂರಕ್ಕೆ ನೂರು ಅಳತೆಯಲ್ಲಿ ಲೇಸರ್ ಪ್ರಿಂಟ್ ತೆಗೆದು, ಪರದೆ ಬಿಟ್ಟು ಕಾಗದದ ಮೇಲೆ ಓದಿ ನೋಡಿ.